ರಿಕ್ತಸ್ಥಾನಪೂರಕ ಮೀಮಾಂಸೆ: ನಾಸಿಕ ಹಾಗೂ ಛತ್ರಪತಿ ಸಂಭಾಜಿನಗರಗಳ ಅರ್ಜಿ ನಮೂನೆಗಳನ್ನು ಅನುಲಕ್ಷಿಸಿ

ಇರಬೇಕಾದದ್ದು ಇಲ್ಲದಿರುವಲ್ಲಿ, ಇದೆಯೆಂಬ ಭ್ರಾಂತಿ ಹುಟ್ಟಿಸದೆ, ಸ್ಥಳವನ್ನು ಮಾತ್ರ ಕಾಯುವ ಸತ್ತೆಯೇ ರಿಕ್ತಸ್ಥಾನಪೂರಕ. ಇಷ್ಟನ್ನು ಹೇಳಲು ವಿಚಾರಸಂಕಿರಣದಲ್ಲಿ ಬೆಳಗಿನ ಗೋಷ್ಠಿ ಪೂರ್ತಿ ಬೇಕಾಗುತ್ತದೆ. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದವರಿಗೆ ಗೋಷ್ಠಿಯ ಅಗತ್ಯವಿಲ್ಲ.

ಪೂರಕಗಳು ಐದು ವಿಧ. ಮೊದಲನೆಯದು ಶುದ್ಧಪೂರಕ: ಹ್ಯಾಸ್ಕೆಲ್ ಪ್ರೋಗ್ರಾಮಿಂಗ್ ಭಾಷೆಯ ಯೂನಿಟ್. ಎರಡು ಕಂಸ, ನಡುವೆ ಏನೂ ಇಲ್ಲ. ಅದಕ್ಕಿರುವುದು ಒಂದೇ ಮೌಲ್ಯ, ಹಾಗಾಗಿ ಅದರಿಂದ ಯಾವ ಸುದ್ದಿಯೂ ತಿಳಿಯುವುದಿಲ್ಲ. ಉಪಯೋಗವಿರುವುದೂ ಅಲ್ಲೇ. ಕೀ ಕೊಟ್ಟರೆ ಮೌಲ್ಯ ಕೊಡುವ ಮ್ಯಾಪ್‌ನಲ್ಲಿ ಮೌಲ್ಯದ ಜಾಗಕ್ಕೆ ಯೂನಿಟ್ ಇಡಿ. ಉಳಿಯುವುದು ಕೀಗಳಷ್ಟೇ, ಅಂದರೆ ಸೆಟ್. ರಸ್ಟ್‌ನ ಹ್ಯಾಶ್‌ಸೆಟ್ ಆಗಿರುವುದು ಹೀಗೆಯೇ. ಜಾವಾದವರು 'ಪ್ರೆಸೆಂಟ್' ಎಂಬ ಡಮ್ಮಿ ವಸ್ತುವೊಂದನ್ನು ಮಾಡಿಕೊಂಡು ಎಲ್ಲ ಕೀಗಳಿಗೂ ಅದರಿಂದಲೇ ಹಾಜರಿ ಹಾಕಿಸುತ್ತಾರೆ. ಟ್ರೀಯ ನೋಡ್‌ಗಳಲ್ಲೆಲ್ಲ ಯೂನಿಟ್ ತುಂಬಿದರೆ ಆಕಾರ ಮಾತ್ರ ಉಳಿಯುತ್ತದೆ. ಯೂನಿಟ್‌ಗಳದೇ ಲಿಸ್ಟ್ ಮಾಡಿದರೆ ಬರೀ ಎಣಿಕೆ.

ಎರಡನೆಯದು ಸಂದೇಹಪೂರಕ, ಅದೇ ಹ್ಯಾಸ್ಕೆಲ್‌ನ ಮೇಬಿ. ಒಳಗೆ ಏನೋ ಇರಬಹುದು, ಇಲ್ಲದೆಯೂ ಇರಬಹುದು. 'ಇಲ್ಲ' ಎಂಬುದೂ ಅಲ್ಲಿ ಸಕ್ರಮ ಉತ್ತರ. 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗೆ, 'ಇಲ್ಲ' ಎಂಬುದನ್ನು ಮೊದಲೇ ಹೇಳದ ನಲ್ ರೆಫರೆನ್ಸ್ ಸೇರಿಸಿದ ಟೋನಿ ಹೋರ್, ಅದು ನೂರು ಕೋಟಿ ಡಾಲರಿನ ತಪ್ಪಾಯಿತೆಂದು 2009ರಲ್ಲಿ ತಾವೇ ಒಪ್ಪಿಕೊಂಡರು. ನಮ್ಮಲ್ಲಿ ನಮೂನೆ ತಯಾರಿಸಿದವರು ಯಾರೂ ಇನ್ನೂ ಏನನ್ನೂ ಒಪ್ಪಿಕೊಂಡಿಲ್ಲ.

ಮೂರನೆಯದು, ಲಕ್ಷಣ ಮೀರಿ ಭ್ರಾಂತಿ ಹುಟ್ಟಿಸುವ ಮಿಥ್ಯಾಪೂರಕ. ಇದರ ಅಧ್ಯಯನಕ್ಕೆ ನಾಸಿಕದ ಅಂಬಡಕ್ಕೋ ಸಂಭಾಜಿನಗರದ ವಾಳೂಜಕ್ಕೋ ಕೆಲಸಕ್ಕೆ ಹೋದ ಹಳೇ ಮೈಸೂರಿನವನು ಸಾಕು. ಅಲ್ಲಿಯ ನಮೂನೆಗೆ ತನ್ನ ಹೆಸರು, ತಂದೆಯ ಹೆಸರು, ಆಡನಾವ (ಅಡ್ಡಹೆಸರು) ಮೂರೂ ಬೇಕು. ಇವನ ಬಳಿ ಇರುವುದು ಎರಡು ಇನಿಷಿಯಲ್ಲು, ಒಂದು ಹೆಸರು. ಆಡನಾವದ ಜಾಗಕ್ಕೆ ಚುಕ್ಕೆ ಇಟ್ಟರೆ ಕೆಂಪಕ್ಷರದ ಬೈಗುಳ. ಕೊನೆಗೆ ಇವನು 'ಮಂಜುನಾಥ ಮಂಜುನಾಥ' ಆಗುತ್ತಾನೆ, ಇಲ್ಲವೇ ಹೊಳೇನರಸೀಪುರ ಎಂಬ ಇಡೀ ತಾಲ್ಲೂಕನ್ನು ಹೆಗಲಿಗೇರಿಸಿಕೊಳ್ಳುತ್ತಾನೆ. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಹೆಡ್‌ಮಾಸ್ತರರು ಬರೆಯುತ್ತಿದ್ದ ಜೂನ್ 1 ಕೂಡ ಇದೇ ವರ್ಗದ್ದು. ಆ ದಿನ ಕೃಷ್ಣೆಯ ಎರಡೂ ದಡದಲ್ಲಿ ಸಾಮೂಹಿಕ ಜಯಂತಿ.

ನಾಲ್ಕನೆಯದು ಛಿನ್ನಪೂರಕ. ಔರಂಗಾಬಾದಿನ ಹೊಸ ಹೆಸರಾದ 'ಛತ್ರಪತಿ ಸಂಭಾಜಿನಗರ'ಕ್ಕೆ 2023ರ ಫೆಬ್ರವರಿಯಲ್ಲಿ ಕೇಂದ್ರದ ಒಪ್ಪಿಗೆ ಬಂತು. ರೋಮನ್ ಲಿಪಿಯಲ್ಲಿ, ನಡುವಿನ ಖಾಲಿ ಜಾಗವೂ ಸೇರಿ, ಅದು 25 ಮನೆ. ನಮೂನೆಯಲ್ಲಿ 20 ಮನೆಯಷ್ಟೇ ಇದ್ದರೆ ಊರು ಮಾಯವಾಗಿ ಮಹಾರಾಜರು ಮಾತ್ರ ಉಳಿಯುತ್ತಾರೆ.

ಐದನೆಯದಕ್ಕೆ ಬಹುವ್ರೀಹಿ ಸಮಾಸವೊಂದನ್ನು ಹೊಸೆದಿಟ್ಟಿದ್ದೆ. ಬೇಡ, ಬಿಡಿ. ಎರಡನೆಯದೇ ಇಲ್ಲದ ಪುಟವೊಂದನ್ನು ನೋಡಬೇಕಿದೆ.

ಮಹಾರಾಷ್ಟ್ರದ 'ಮಾಝಿ ಲಾಡಕಿ ಬಹೀಣ' ಯೋಜನೆ 2024ರಲ್ಲಿ ಶುರುವಾಯಿತು. ತಿಂಗಳಿಗೆ 1500 ರೂಪಾಯಿ. ಯಾರಿಗೆಂದು ಆದೇಶದಲ್ಲೇ ಇದೆ: ವಿವಾಹಿತೆ, ವಿಧವೆ, ವಿಚ್ಛೇದಿತೆ, ಗಂಡ ಬಿಟ್ಟವಳು, ನಿರಾಧಾರೆ. 2025ರ ಸೆಪ್ಟೆಂಬರಿನಲ್ಲಿ ಇ-ಕೆವೈಸಿ ಬಂತು. ಅದರ ವೆಬ್ ಪುಟ ಕೇಳಿದ್ದು ಗಂಡನ ಅಥವಾ ತಂದೆಯ ಆಧಾರ್ ಸಂಖ್ಯೆ, ಆಮೇಲೆ ಅವರ ಮೊಬೈಲಿಗೆ ಹೋದ ಒಟಿಪಿ. ವಿಧವೆಯರಿಗೆಂದೂ ಮಾಡಿದ ಯೋಜನೆ. ಅದರ ಪುಟದಲ್ಲಿ 'ಇಲ್ಲ' ಎನ್ನಲು ಒಂದು ಗುಂಡಿಯಿರಲಿಲ್ಲ! ಆದೇಶ ಬರೆದವರಿಗೆ ವಿಧವೆ ಗೊತ್ತಿದ್ದಳು. ಪುಟ ಕಟ್ಟಿದವರು ಆದೇಶವನ್ನು ಓದಿದ್ದರೇ? ಸಂದೇಹಪೂರಕ ಇಲ್ಲದ ಪುಟ ಬಡವರ ಎದುರು ಬಾಗಿಲು ಹಾಕಿಕೊಳ್ಳುತ್ತದೆ, ಮೇಲೆ ತಪ್ಪು ನಿನ್ನದೇ ಎಂದು ಕೆಂಪಕ್ಷರದಲ್ಲಿ ಹೇಳುತ್ತದೆ. ಇದು ಹಾಸ್ಯದ ವಸ್ತುವಲ್ಲ.

ನವೆಂಬರಿನಲ್ಲಿ ಇ-ಕೆವೈಸಿಯ ಗಡುವು ಮುಂದೆ ಹೋಯಿತು, ಜೊತೆಗೊಂದು ಸೂಚನೆಯೂ ಬಂತು: ಗಂಡ, ತಂದೆ ಇಬ್ಬರೂ ತೀರಿಹೋಗಿದ್ದರೆ ಮರಣ ಪ್ರಮಾಣಪತ್ರ, ವಿಚ್ಛೇದನವಾಗಿದ್ದರೆ ಕೋರ್ಟಿನ ಆದೇಶ ಅಂಗನವಾಡಿ ಸೇವಿಕೆಯ ಕೈಗೆ ಕೊಡಿ ಎಂದರು. ಸರಿ. ತಂದೆ ತೀರಿಹೋಗಿ, ಗಂಡ ಬಿಟ್ಟುಹೋದವಳು ಯಾವ ಕಾಗದ ತರಬೇಕಿತ್ತು? ಆ ಗಂಡ ಸತ್ತಿಲ್ಲ, ಕೋರ್ಟಿಗೂ ಬಂದಿಲ್ಲ. ಒಟಿಪಿ ಹೋಗುತ್ತಿದ್ದದ್ದು ಅವನ ಮೊಬೈಲಿಗೆ.