ಕೊಲೊನ್ನಾ ಮನೆತನ ಮತ್ತು ಕಪಾಳಮೋಕ್ಷ: ಒಂದು ಘನ ಸಂಶೋಧನೆ

ರೋಮಿನ ಕೊಲೊನ್ನಾ ಮನೆತನದ ಬಗ್ಗೆ ವಿದ್ವಾಂಸರು ಕಪಾಟುಗಟ್ಟಲೆ ಬರೆದಿದ್ದಾರೆ. ಆ ವಂಶದ ಏಳುಬೀಳುಗಳನ್ನೆಲ್ಲ ಕೈಗೂ ಕೆನ್ನೆಗೂ ಇರುವ ಅಂತರದಿಂದಲೇ ವಿವರಿಸಬಹುದೆಂಬುದು ಮಾತ್ರ ಅವರ್ಯಾರಿಗೂ ಹೊಳೆದಂತಿಲ್ಲ. ಆ ಕೊರತೆ ನೀಗುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಪೂರ್ವಪಕ್ಷ. 1297ರಲ್ಲಿ ಸ್ಟೆಫಾನೊ ಕೊಲೊನ್ನಾ, ಎಂಟನೆಯ ಬೊನಿಫೇಸ್ ಪೋಪನ ಖಜಾನೆಯನ್ನು ನಡುದಾರಿಯಲ್ಲೇ ದೋಚಿದ. ಪೋಪ್ ಆ ಮನೆತನದ ಇಬ್ಬರು ಕಾರ್ಡಿನಲ್‌ಗಳ ಪದವಿ ಕಿತ್ತುಕೊಂಡ, ಅವರ ಮೇಲೆ ಧರ್ಮಯುದ್ಧ ಸಾರಿದ, ಅವರ ಪ್ಯಾಲೆಸ್ಟ್ರೀನಾ ಪಟ್ಟಣವನ್ನು ಕೆಡವಿ, ಉತ್ತು, ಉಪ್ಪು ಬಿತ್ತಿಸಿದ. ಜೆರೂಸಲೇಮಿಗೆ ಹೊರಡಬೇಕಾದ ಧರ್ಮಯುದ್ಧವನ್ನು ಪಕ್ಕದೂರಿನಲ್ಲೇ ಮುಗಿಸಿದ್ದು ಪ್ರಯಾಣಭತ್ಯೆಯ ದೃಷ್ಟಿಯಿಂದ ಮೆಚ್ಚತಕ್ಕದ್ದು.

ಇನ್ನು ಸಿದ್ಧಾಂತ. 1303ರ ಸೆಪ್ಟೆಂಬರ್ 7ರಂದು ಶಾರ್ರಾ ಕೊಲೊನ್ನಾ, ಫ್ರಾನ್ಸ್ ದೊರೆಯ ಸಲಹೆಗಾರ ನೊಗಾರೆಯ ಜೊತೆಗೂಡಿ ಅನಾನ್ಯಿ ಪಟ್ಟಣಕ್ಕೆ ನುಗ್ಗಿ ಪೋಪನನ್ನು ಸೆರೆಹಿಡಿದ. ಕಬ್ಬಿಣದ ಕೈಗವಸು ತೊಟ್ಟ ಕೈಯಿಂದಲೇ ಮುದುಕನ ಕಪಾಳಕ್ಕೆ ಬಿಗಿದನೆಂದು ಐತಿಹ್ಯ. ಬಿಗಿಯಲೇ ಇಲ್ಲ, ಬರೀ ಬೈಗುಳ ಎನ್ನುವ ಇತಿಹಾಸಕಾರರೂ ಇದ್ದಾರೆ. ಊರವರು ಬಿಡಿಸಿಕೊಂಡರೂ ಪೋಪ್ ಅಕ್ಟೋಬರ್ 11ರಂದು ತೀರಿಕೊಂಡ. ಬಿತ್ತೋ ಇಲ್ಲವೋ ಗೊತ್ತಿಲ್ಲದ ಆ ಏಟಿನ ಹೆಸರಿನಲ್ಲಿ ಅನಾನ್ಯಿಯ ಅರಮನೆಯಲ್ಲಿ ಒಂದು ಕೋಣೆಯೇ ಇದೆ. ಪ್ರವಾಸಿಗರು ಟಿಕೆಟ್ ಕೊಂಡು ನೋಡುತ್ತಾರೆ. ಬಿದ್ದದ್ದು ಖಚಿತವಾಗಿರುವ ಎಷ್ಟೋ ಏಟುಗಳಿಗೆ ಈ ಭಾಗ್ಯವಿಲ್ಲ.

ಮೂವರು ಪೋಪರ ಜಗಳ ಬಿಡಿಸಲು 1417ರಲ್ಲಿ ಕಾನ್‌ಸ್ಟನ್ಸ್ ಮಹಾಸಭೆ ಆರಿಸಿದ್ದು ಒಡ್ಡೊನೆ ಕೊಲೊನ್ನಾನನ್ನು. ಆತ ಐದನೆಯ ಮಾರ್ಟಿನ್ ಆದ. ಪೋಪನ ಮೇಲೆ ಕೈಯೆತ್ತಿದ ಮನೆಗೆ 114 ವರ್ಷಗಳಲ್ಲಿ ಪೋಪನ ಕೆನ್ನೆಯೇ ದಕ್ಕಿತು! ನೆಂಟರಿಷ್ಟರಿಗೆ ಆತ ಜಹಗೀರು ಹಂಚಿದ್ದರಲ್ಲಿ ಸಂಶೋಧಿಸುವಂಥದ್ದೇನೂ ಇಲ್ಲ.

ಸಿದ್ಧಾಂತಕ್ಕೆ ಬಲವಾದ ಪುರಾವೆ ಕವಯಿತ್ರಿ ವಿತ್ತೋರಿಯಾ ಕೊಲೊನ್ನಾ. ಆಕೆಯ ಕವನಗಳು 1538ರಲ್ಲಿ ಅಚ್ಚಾದವು. ಮೈಕೆಲಾಂಜೆಲೊ ಆಕೆಯ ಆಪ್ತ. 1547ರಲ್ಲಿ ಆಕೆ ಸತ್ತಾಗ ಕೈಗೆ ಮಾತ್ರ ಮುತ್ತಿಟ್ಟೆ, ಹಣೆಗೂ ಮುಖಕ್ಕೂ ಇಡಲಿಲ್ಲವೆಂದು ಆತ ಕೊರಗುತ್ತಿದ್ದನೆಂದು ಶಿಷ್ಯ ಕೊಂಡಿವಿ ಬರೆದಿಟ್ಟಿದ್ದಾನೆ. ಶಾರ್ರಾ ದಾಟಿದನೆನ್ನುವ ಅಂತರವನ್ನು ಶಿಲ್ಪಿಗೆ ದಾಟಲಾಗಲಿಲ್ಲ.

1571ರ ಲೆಪಾಂಟೊ ಕದನದಲ್ಲಿ ಪೋಪನ ನೌಕಾಪಡೆ ನಡೆಸಿದ ಮಾರ್ಕಾಂಟೋನಿಯೊ ಯಾರ ಕೆನ್ನೆಯನ್ನೂ ಮುಟ್ಟಿದ ದಾಖಲೆಯಿಲ್ಲವಾದ್ದರಿಂದ ಅವನಿಗೆ ಇಲ್ಲಿ ಒಂದೇ ವಾಕ್ಯ.

ಫ್ರೆಂಚರ ಸಹವಾಸದಲ್ಲಿ ಎತ್ತಿದ ಕೈಗೆ ಉತ್ತರ ಬಂದದ್ದೂ ಫ್ರೆಂಚರಿಂದಲೇ. 1849ರಲ್ಲಿ ಅವರು ರೋಮನ್ನು ಮುತ್ತಿದಾಗ ಹಾರಿಸಿದ ತೋಪಿನ ಗುಂಡೊಂದು ಕೊಲೊನ್ನಾ ಅರಮನೆಯ ಗ್ಯಾಲರಿಗೆ ಬಂದು ಬಿತ್ತು. ಮನೆಯವರು ಗುಂಡನ್ನು ಎತ್ತಿಸದೆ ಮೆಟ್ಟಿಲ ಮೇಲೇ ಬಿಟ್ಟಿದ್ದಾರೆ. ನೋಡಹೋಗುವ ಓದುಗರು ಎಡವದಂತೆ ಎಚ್ಚರ ವಹಿಸಬೇಕು.