ಹಿತ್ತಾಳೆ ಕಿವಿಯವರಿಗೆ ಒಂದು ಕೈಪಿಡಿ

ಕೆಲಸಕ್ಕೆ ಕೈ ಹಾಕುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ಯಾರೂ ಓದುವುದಿಲ್ಲವೆಂದು ಗೊತ್ತು. ಆದರೂ ಹಾಗೊಂದು ಸಾಲು ಇಲ್ಲದಿದ್ದರೆ ಅದನ್ನು ಕೈಪಿಡಿ ಎನ್ನುವುದಿಲ್ಲ.

ಬೇಕಾಗುವ ಸಾಮಗ್ರಿ: ಅಮೆರಿಕದ ಟೆಕ್ಸಸ್‌ನಲ್ಲಿ ಎರಡು ಕಾರು ಹಿಡಿಯುವ ಒಂದು ಗ್ಯಾರೇಜು. ಕಾರುಗಳೆರಡೂ ಹೊರಗೆ ಬಿಸಿಲಲ್ಲಿ ನಿಂತಿರಬೇಕು. ಒಳಗೆ ಒಂದು ಮರದ ಬೆಂಚು, ಅದಕ್ಕೆ ಬಿಗಿದ ಪ್ರೆಸ್ಸು, ಅಕ್ಕಸಾಲಿಗನಿಗೂ ಹೊಟ್ಟೆಕಿಚ್ಚಾಗುವಂಥ ತಕ್ಕಡಿ, ಇಂಚನ್ನು ಸಾವಿರ ಪಾಲು ಮಾಡುವ ಕ್ಯಾಲಿಪರ್, ಗುಂಡಿನ ವೇಗ ಹೇಳುವ ಕ್ರೋನೋಗ್ರಾಫ್. ಜೊತೆಗೆ ಒಬ್ಬ ಭಾವ. ನನಗೆ ಸಿಕ್ಕಿದವರು ಅಕ್ಕನ ಗಂಡ. ವಾರವಿಡೀ ಸಾಫ್ಟ್‌ವೇರು, ಶನಿವಾರ ಮದ್ದುಗುಂಡು. ಕೊನೆಯದಾಗಿ, ನೂರು ಹೊಸ ಹಿತ್ತಾಳೆ ಕೇಸು, ನೂರು ಒಮ್ಮೆ ಹಾರಿಸಿದ ಕೇಸು. ಜಗಳವೆಲ್ಲ ಈ ಎರಡು ಡಬ್ಬಿಗಳದ್ದು.

ಗೊತ್ತಿಲ್ಲದವರಿಗೆ ಒಂದು ಮಾತು. ರೈಫಲ್ಲಿನ ತೋಟಾದಲ್ಲಿ ಕೇಪು, ಮದ್ದು, ಗುಂಡು ಮೂರೂ ಒಂದೇ ಏಟಿಗೆ ಮುಗಿದುಹೋಗುತ್ತವೆ. ಅವನ್ನೆಲ್ಲ ಹೊತ್ತಿದ್ದ ಕೇಸು ಮಾತ್ರ ಉಳಿಯುತ್ತದೆ. ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತು. ಅದನ್ನು ಹೆಕ್ಕಿ ತಂದು, ತೊಳೆದು, ಆಕಾರಕ್ಕೆ ತಂದು, ಮತ್ತೆ ತುಂಬುವುದೇ ಹ್ಯಾಂಡ್‌ಲೋಡಿಂಗ್. ಉಳಿತಾಯಕ್ಕೆಂದು ಶುರುಮಾಡಿದೆ ಎಂದು ಭಾವ ಹೇಳುತ್ತಾರೆ. ಅಕ್ಕನ ಮುಂದೆ ಹೇಳುವುದಿಲ್ಲ.

ಹಂತ 1. ಹೊಸ ಕೇಸೊಂದನ್ನು ಕೈಗೆ ತೆಗೆದುಕೊಳ್ಳಿ. ಅದರ ಹೊಳಪಿಗೆ ಮರುಳಾಗಬೇಡಿ. ಯಾರ ರೈಫಲ್ಲಿಗಾದರೂ ಹೊಂದಲಿ ಎಂದು ಕಾರ್ಖಾನೆಯವರು ಅದನ್ನು ಒಂದಿಷ್ಟು ಚಿಕ್ಕದಾಗಿಯೇ ಮಾಡಿರುತ್ತಾರೆ. ಕುದುರೆ ಒತ್ತಿದಾಗ ಒಳಗಿನ ಒತ್ತಡ ಚದರ ಇಂಚಿಗೆ ಐವತ್ತು ಅರವತ್ತು ಸಾವಿರ ಪೌಂಡಿಗೆ ಏರುತ್ತದೆ. ಹಿತ್ತಾಳೆ ಉಬ್ಬಿ, ರೈಫಲ್ಲಿನಲ್ಲಿ ತೋಟಾ ಕೂರುವ ಕೋಣೆಯ ಗೋಡೆಗೆ ಅಂಟಿಕೊಂಡು, ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ. ಹೊರಬಿದ್ದ ಕೇಸು ನಿಮ್ಮ ರೈಫಲ್ಲಿನ ಅಚ್ಚು.

'ಚಪ್ಪಲಿ ಕಣೋ' ಎಂದರು ಭಾವ. 'ಹೊಸದು ಕಚ್ಚುತ್ತೆ. ನಾಲ್ಕು ದಿನ ಮೆಟ್ಟಿದ್ದು ಕಾಲಿಗೆ ಕೂರುತ್ತೆ.'

'ಬೇರೆಯವರ ರೈಫಲ್ಲಲ್ಲಿ ಹಾರಿಸಿದ್ದು?'

'ದೇವಸ್ಥಾನದ ಬಾಗಿಲಲ್ಲಿ ಅದಲುಬದಲಾದ ಚಪ್ಪಲಿ.'

ಹಂತ 2. ಹಾರಿಸಿದ ಕೇಸಿನ ಭುಜವನ್ನು, ಅಂದರೆ ಕತ್ತಿನ ಬುಡದ ಇಳಿಜಾರನ್ನು, ಅಚ್ಚಿನಲ್ಲಿ ಒತ್ತಿ ಇಂಚಿನ ಸಾವಿರದಲ್ಲಿ ಒಂದೆರಡು ಪಾಲು ಹಿಂದಕ್ಕೆ ತಳ್ಳಿ. ಪತ್ರಿಕೆಯ ಒಂದು ಹಾಳೆಯ ದಪ್ಪವೂ ಇಲ್ಲ. ಅಷ್ಟು ಸಾಕು, ಬೋಲ್ಟು ಸಲೀಸಾಗಿ ಮುಚ್ಚುತ್ತದೆ. ಹುರುಪಿನಲ್ಲಿ ಹೆಚ್ಚು ತಳ್ಳಿದರೆ ಪ್ರತಿ ಸಲವೂ ಕೇಸು ಬುಡದ ಹತ್ತಿರ ಎಳೆದುಕೊಂಡು ತೆಳುವಾಗುತ್ತದೆ, ಒಂದು ದಿನ ಎರಡು ತುಂಡಾಗುತ್ತದೆ. ಕೈಪಿಡಿಯ ಈ ಒಂದು ಸಾಲು ತಮಾಷೆಯದಲ್ಲ.

ಹಂತ 3. ಈಗ ಜಗಳ ಶುರುಮಾಡಿ. ಹೊಸ ಕೇಸಿನಲ್ಲಿ ಮದ್ದಿನ ಅಳತೆ ಹದಗೊಳಿಸಿದರೆ, ಅದೇ ಕೇಸು ಎರಡನೆಯ ಸುತ್ತಿಗೆ ಬಂದಾಗ ಆ ಹದ ಉಳಿಯುವುದಿಲ್ಲ ಎನ್ನುವುದು ಒಂದು ಪಂಗಡ. ಅವರ ಮಾತಿನಲ್ಲಿ ಹುರುಳಿದೆ. ಉಬ್ಬಿದ ಕೇಸಿನ ಒಳಗೆ ಜಾಗ ತುಸು ಹೆಚ್ಚು. ಕತ್ತಿನ ಒಳಗೋಡೆಯಲ್ಲಿ ಮಸಿಯ ಲೇಪ ಬಂದಿರುತ್ತದೆ, ಗುಂಡನ್ನು ಅದು ಹಿಡಿಯುವ ಬಿಗಿಯೇ ಬೇರೆ. ಹೊಸ ಕೇಸಿಗಾದರೆ ಉಬ್ಬುವ ಕೆಲಸವೂ ಇರುತ್ತದೆ, ಒಂದಿಷ್ಟು ಶಕ್ತಿ ಅಲ್ಲೇ ಖರ್ಚು. ಹಾಗಾಗಿ ಮೊದಲ ಸುತ್ತನ್ನು ಸುಮ್ಮನೆ ಅಭ್ಯಾಸಕ್ಕೆ ಹಾರಿಸಿ, ಅಸಲಿ ಪರೀಕ್ಷೆಯನ್ನು ಎರಡನೆಯ ಸುತ್ತಿನಿಂದ ಶುರುಮಾಡಿ ಎನ್ನುತ್ತಾರೆ. ಇನ್ನೊಂದು ಪಂಗಡದ ವಾದವೂ ಸುಳ್ಳಲ್ಲ: ನಳಿಕೆಗೂ ಆಯುಷ್ಯವಿದೆ. 6.5 ಕ್ರೀಡ್‌ಮೂರ್ ಎಂಬ ತೋಟಾ ಹಾರಿಸುವ ಭಾವನ ನಳಿಕೆ ಎರಡು ಮೂರು ಸಾವಿರ ಹೊಡೆತಕ್ಕೆ ಮೊನಚು ಕಳೆದುಕೊಳ್ಳುತ್ತದೆ. ಅದರಲ್ಲಿ ಎಷ್ಟನ್ನು ಬರೀ ಹಿತ್ತಾಳೆ ಪಳಗಿಸಲು ಸುಡುತ್ತೀರಿ?

ನಿಜವಾಗಿ ನಿಖರತೆಯ ಹುಚ್ಚು ಹಿಡಿದವರ ನಡುವೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ರೈಫಲ್ಲನ್ನು ಬೆಂಚಿನ ಮೇಲಿಟ್ಟು ಗುರಿ ಹೊಡೆಯುವ ಬೆಂಚ್‌ರೆಸ್ಟ್ ಸ್ಪರ್ಧಿಗಳ ಅಚ್ಚುಮೆಚ್ಚಿನ 6 ಎಂಎಂ ಪಿಪಿಸಿ ತೋಟಾವನ್ನು 1975ರಲ್ಲಿ ಲೂ ಪಾಲ್ಮಿಸಾನೋ, ಫೆರಿಸ್ ಪಿಂಡೆಲ್ ರೂಪಿಸಿದರು. ಅದರ ಕೇಸನ್ನು .220 ರಷ್ಯನ್ ಎಂಬ ಬೇರೆಯೇ ತೋಟಾದ ಕೇಸಿನಿಂದ ಮಾಡಿಕೊಳ್ಳುವುದು ವಾಡಿಕೆ. ಒಮ್ಮೆ ಹಾರಿಸಿದ ಮೇಲೆಯೇ ಅದಕ್ಕೆ ಪಿಪಿಸಿಯ ಭುಜ ಬರುವುದು. ಹಾರಿಸುವವರೆಗೆ ಅದು ಇನ್ನೂ ಹುಟ್ಟಿಯೇ ಇಲ್ಲ. ಆಮೇಲೆ ಆ ಜನ ಹದಿನೈದಿಪ್ಪತ್ತು ಕೇಸುಗಳಲ್ಲೇ ಇಡೀ ದಿನ ಕಳೆಯುತ್ತಾರೆ. ಮದುವೆಮನೆಯಲ್ಲಿ ಒಂದು ಪಂಕ್ತಿ ಏಳುತ್ತಲೇ ಲೋಟ ತೊಳೆದು ಮುಂದಿನ ಪಂಕ್ತಿಗೆ ಇಟ್ಟ ಹಾಗೆ, ಸುತ್ತು ಸುತ್ತಿನ ನಡುವೆ ಮೈದಾನದಲ್ಲೇ ಕೂತು ತುಂಬಿಕೊಳ್ಳುತ್ತಾರೆ.

ಅವರ ಅಳತೆ ಕೇಳಿದರೆ ತಲೆ ತಿರುಗುತ್ತದೆ. ನೂರು ಗಜದಲ್ಲಿ ಐದು ಗುಂಡು, ತೂತುಗಳ ನಡುಬಿಂದುಗಳ ಅತಿ ಹೆಚ್ಚಿನ ಅಂತರ 0.009 ಇಂಚು: 1973ರಲ್ಲಿ ಮ್ಯಾಕ್‌ಮಿಲನ್ ಎಂಬ ಸ್ಪರ್ಧಿ ಮಾಡಿದ ದಾಖಲೆ. ಅದನ್ನು ಮುರಿಯಲು 40 ವರ್ಷ ಹಿಡಿಯಿತು. 2013ರಲ್ಲಿ ಮೈಕ್ ಸ್ಟಿನೆಟ್ 0.0077ಕ್ಕೆ ಇಳಿಸಿದರು. ನಮ್ಮ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುತ್ತಾರೆ. ಕಾಯಿ ಒಡೆದರೆ ಗೆದ್ದ ಹಾಗೆ. ಕ್ಯಾಲಿಪರ್ ಹಿಡಿದು ಓಡುವವರು ಯಾರೂ ಇಲ್ಲ. ನನ್ನ ಮತ ಕೊಡಗಿನ ಕಡೆಗೆ.

ಹಂತ 4. ಮೂರು ಗುಂಡು ಹೊಸ ಕೇಸಿನಿಂದ, ಮೂರು ಹಳೆಯದರಿಂದ ಹೊಡೆಯಿರಿ. ಹಳೆಯದರ ಗುಂಪು ಅರ್ಧ ಇಂಚು, ಹೊಸದರದು ಮುಕ್ಕಾಲು. 'ನೋಡಿದೆಯಾ!' ಎಂದು ಕೂಗಿ. ಮರುದಿನ ಅದೇ ಪರೀಕ್ಷೆ ತಿರುಗುಮುರುಗಾದರೆ ಗಾಳಿಯನ್ನು ಬಯ್ಯಿರಿ. ಗಾಳಿಯ ಕಾಟ ಬೇಡವೆಂದು 1980ರ ದಶಕದಲ್ಲಿ ಇದೇ ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲಿ ವರ್ಜಿಲ್ ಕಿಂಗ್ ಎಂಬಾತ ಭಾರೀ ಗೋದಾಮೊಂದರ ಒಳಗೇ ಗುರಿ ಹೊಡೆದು ಪರೀಕ್ಷೆ ನಡೆಸಿದ್ದರು. ಭಾವನ ಬಳಿ ಗೋದಾಮಿಲ್ಲ. ಇರುವುದು ಮೂರೇ ಗುಂಡಿನ ಸಾಕ್ಷಿ. ಒಂದೇ ಕೇಸು, ಒಂದೇ ಮದ್ದು, ಒಂದೇ ಕೈ ಇದ್ದರೂ ಮೂರು ಗುಂಡಿನ ಒಂದು ಗುಂಪು ಇನ್ನೊಂದರ ಎರಡರಷ್ಟಾಗುವುದು ಮಾಮೂಲು. ಇಪ್ಪತ್ತು ಮೂವತ್ತು ಹೊಡೆದು ಲೆಕ್ಕ ಹಾಕಿದರೆ ಹೊಸದು ಹಳೆಯದರ ವ್ಯತ್ಯಾಸ ಎಷ್ಟೋ ಸಲ ಕರಗಿಹೋಗುತ್ತದೆ, ಉಳಿದರೂ ಹೊಡೆಯುವವನ ಭುಜದ ನಡುಕಕ್ಕಿಂತ ಚಿಕ್ಕದು. ಆದರೆ ಇಪ್ಪತ್ತು ಹೊಡೆಯುವ ತಾಳ್ಮೆ ಯಾರಿಗಿದೆ? ಪಕ್ಕದ ಬೆಂಚಿನವನು ಪಿಸುಗುಟ್ಟಿದ್ದನ್ನು ನಂಬುವುದು ಸುಲಭ. ಚಾಡಿ ನಂಬುವವರಿಗೆ ಹಿತ್ತಾಳೆ ಕಿವಿ ಎಂದು ಹೆಸರಿಟ್ಟ ಕನ್ನಡದ ಅಜ್ಜಿ ಈ ಗ್ಯಾರೇಜನ್ನು ನೋಡಿಯೇ ಇಟ್ಟಿರಬೇಕು.

ಹಂತ 5, ತಿಕ್ಕುವುದು. ಜೋಳದ ದಿಂಡಿನ ಪುಡಿಯಲ್ಲಿ ಉರುಳಿಸಿ, ಬೇಕಾದರೆ ಅಕ್ಕಿಯಲ್ಲಿ. ಅಮೆರಿಕದಲ್ಲಿ ಹಾಗೆ ಮಾಡುವವರೂ ಇದ್ದಾರೆ. ನೀರಿಗೆ ಸಿಟ್ರಿಕ್ ಆಮ್ಲ ಬೆರೆಸುವವರನ್ನು ನೋಡಿ ನಾನು 'ನಮ್ಮ ಹುಣಸೆಹಣ್ಣು' ಎಂದೆ. ಭಾವನಿಗೆ ರುಚಿಸಲಿಲ್ಲ. ಅಮೋನಿಯಾ ಇರುವ ಪಾಲಿಶ್ ಮಾತ್ರ ಕಡ್ಡಾಯವಾಗಿ ಬೇಡ. ಇದರ ಹಿಂದಿನ ಕಥೆ ನಮ್ಮ ದೇಶದ್ದೇ. ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯದಲ್ಲಿ ಇಡುತ್ತಿತ್ತು. ಮಳೆ ಮುಗಿದ ಮೇಲೆ ತೆಗೆದರೆ ಎಷ್ಟೋ ಕೇಸು ಬಿರುಕು ಬಿಟ್ಟಿರುತ್ತಿದ್ದವು, ಅದೂ ಗುಂಡನ್ನು ಬಿಗಿದ ಕತ್ತಿನಲ್ಲೇ. ಇದು ಋತುವಿನ ದೋಷವೆಂದುಕೊಂಡು 'ಸೀಸನ್ ಕ್ರ್ಯಾಕಿಂಗ್' ಎಂದರು. ಮೂರ್ ಎಂಬವರು ಮತ್ತು ಸಂಗಡಿಗರು 1921ರಲ್ಲಿ ಕಾರಣ ಬಿಡಿಸಿ ಹೇಳಿದರು: ಕುದುರೆ ಗಂಜಲದ ಅಮೋನಿಯಾ, ಅದರ ಜೊತೆಗೆ ಲೋಹವನ್ನು ಎಳೆದು ಬಗ್ಗಿಸಿದಾಗ ಒಳಗೇ ಉಳಿದ ಬಿಗಿತ. ಕಾಯಿಸಿ ಹದಮಾಡಿದರೆ ಆ ಬಿಗಿತ ಸಡಿಲುತ್ತದೆ. ಕೇಸಿನ ಕತ್ತು ಕಾಯಿಸಲು ಭಾವ ಸಾವಿರ ಡಾಲರಿಗೂ ಹೆಚ್ಚಿನ ಯಂತ್ರ ತಂದಿದ್ದಾರೆ. ಬುಡವನ್ನು ಎಂದೂ ಕಾಯಿಸಬಾರದು, ಒತ್ತಡ ತಡೆಯುವುದು ಅದೇ.

ತೊಂದರೆ ಮತ್ತು ಪರಿಹಾರ: ಗುಂಡು ಎಡಕ್ಕೆ ಹೋದರೆ ಕೇಸು ಹೊಸದು. ಬಲಕ್ಕೆ ಹೋದರೆ ಕೇಸು ಹಳೆಯದು. ಗುರಿಗೇ ಬಿದ್ದರೆ ಹೊಡೆದವರು ಭಾವ.

ಮದ್ದಿನ ಅಳತೆ ಈ ಕೈಪಿಡಿಯಲ್ಲಿಲ್ಲ. ತಯಾರಕರ ಪುಸ್ತಕ ನೋಡಬೇಕು, ಕೇಸಿನ ಬ್ರ್ಯಾಂಡ್ ಬದಲಾದರೆ ಅದರಲ್ಲಿನ ಕನಿಷ್ಠ ಅಳತೆಯಿಂದಲೇ ಮತ್ತೆ ಶುರುಮಾಡಬೇಕು. ಇದು ಅಮೆರಿಕದ ಗ್ಯಾರೇಜಿನವರಿಗೆ ಹೇಳಿದ್ದು. ಭಾರತದಲ್ಲಿ ಕೂತು ಓದುತ್ತಿರುವವರು 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ನೋಡಿ: ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ನೀವು ಅಟ್ಟದ ಮೇಲಿನ ಹಿತ್ತಾಳೆ ಚೊಂಬಿಳಿಸಿ ಹುಣಸೆಹಣ್ಣು ಹಾಕಿ ತಿಕ್ಕಿ.