ಲಕ್ಷ ಲ್ಯೂಮೆನ್ನಿನ ಸತ್ಯಪರೀಕ್ಷೆ: ಒಂದು ಕಾಲ್ಪನಿಕ ಸಂದರ್ಶನ

ಬಯಲ ಸಂಚಾರಕ್ಕೂ ತುರ್ತು ಹೊತ್ತಿಗೂ ಒದಗಬೇಕಾದ, ಮತ್ತೆ ಮತ್ತೆ ಚಾರ್ಜ್ ಮಾಡಬಲ್ಲ ಪ್ರಬಲ ಟಾರ್ಚುಗಳ ಮೌಲ್ಯಮಾಪನವು ಸಾಮಾನ್ಯವಾಗಿ ಪೆಟ್ಟಿಗೆಯ ಮೇಲಿನ ಬರಹದಲ್ಲಿ ಆರಂಭವಾಗಿ ಅಲ್ಲಿಯೇ ಮುಗಿದುಹೋಗುತ್ತದೆ. ಪೆಟ್ಟಿಗೆ ಹೇಳುತ್ತದೆ, ಕೊಳ್ಳುವವರು ಕೇಳುತ್ತಾರೆ, ಟಾರ್ಚನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಈ ಲೋಪವನ್ನು ಸರಿಪಡಿಸಲು ಏರ್ಪಡಿಸಿದ ಪ್ರಸ್ತುತ ಸಂದರ್ಶನದ ವಿಧಾನ ಸರಳವಾದುದು: ಟಾರ್ಚನ್ನು ಅದರ ಅತ್ಯುನ್ನತ ಹಂತವಾದ ಟರ್ಬೊದಲ್ಲಿ ಹೊತ್ತಿಸುವುದು, ಅದು ಇಳಿಯುತ್ತ ಹೋದಂತೆ ಇಳಿಯಗೊಡುವುದು, ಒಂದೊಂದು ಹಂತದಲ್ಲಿಯೂ ಪ್ರಶ್ನೆ ಕೇಳುತ್ತ ಬೆಳಕಿನ ಪ್ರಮಾಣಕ್ಕೂ ಮಾತಿನ ಪ್ರಾಮಾಣಿಕತೆಗೂ ಇರುವ ಸಂಬಂಧವನ್ನು ದಾಖಲಿಸುವುದು. ಉದ್ದಕ್ಕೂ ಟಾರ್ಚು ತನ್ನನ್ನು ‘ಈ ಸಾಧನ’ ಎಂದೇ ಕರೆದುಕೊಂಡಿತು. ದೊಡ್ಡ ಹುದ್ದೆಯಲ್ಲಿರುವವರು ತಮ್ಮ ಬಗ್ಗೆ ಬೇರೆ ಯಾರನ್ನೋ ಹೊಗಳುವಂತೆ ಮಾತನಾಡುವ ರೂಢಿ ಅದಕ್ಕೂ ತಗುಲಿದ್ದಿರಬೇಕು.

(ಹಂತ: ಟರ್ಬೊ)

ಪ್ರಶ್ನೆ: ಪೆಟ್ಟಿಗೆಯ ಮೇಲೆ 1,00,000 ಲ್ಯೂಮೆನ್ ಎಂದು ಅಚ್ಚಾಗಿದೆ. ಲ್ಯೂಮೆನ್ ಎಂಬುದು ದೀಪವೊಂದು ಹೊರಸೂಸುವ ಒಟ್ಟು ಗೋಚರ ಬೆಳಕಿನ ಅಳತೆಯಾಗಿದ್ದು, ಹಳೆಯ 60 ವಾಟಿನ ಬುರುಡೆ ಬಲ್ಬು ಸುಮಾರು 800 ಲ್ಯೂಮೆನ್ ಕೊಡುತ್ತಿತ್ತು. ಹಾಗಾದರೆ ಅಂತಹ 125 ಬಲ್ಬುಗಳು ಒಂದು ಅಂಗೈಯಲ್ಲಿ ಅಡಗಿವೆಯೆಂದು ತಿಳಿಯಬೇಕೆ?

ಟಾರ್ಚು: ಈ ಸಾಧನವು ಕತ್ತಲೆಯ ವಿರುದ್ಧ ಬಹಿರಂಗವಾಗಿ ಸಮರ ಸಾರಿರುವುದರಿಂದ ಅದರ ಸಾಮರ್ಥ್ಯವನ್ನು ಬುರುಡೆ ಬಲ್ಬುಗಳಲ್ಲಿ ಎಣಿಸುವುದೇ ಅವಮಾನಕರ. ಕಳೆದ ವರ್ಷ ಇದೇ ಸಾಧನವು 50,000 ಲ್ಯೂಮೆನ್ ಕೊಡುತ್ತಿತ್ತು. ಈ ವರ್ಷ ಒಳಗಿನದೇನನ್ನೂ ಬದಲಿಸದೆ, ಕೇವಲ ಸ್ಟಿಕ್ಕರನ್ನು ಬದಲಿಸಿ, ಎರಡರಷ್ಟು ಪ್ರಗತಿ ಸಾಧಿಸಲಾಗಿದೆ.

ಪ್ರಶ್ನೆ: ಒಳಗಿರುವುದು 21700 ಎಂಬ ಒಂದೇ ಒಂದು ಲಿಥಿಯಂ ಅಯಾನ್ ಸೆಲ್ಲು, 21 ಮಿಲಿಮೀಟರ್ ವ್ಯಾಸ, 70 ಮಿಲಿಮೀಟರ್ ಉದ್ದ ಎಂಬುದನ್ನು ಆ ಸಂಖ್ಯೆಯೇ ಹೇಳುತ್ತದೆ. 5,000 ಮಿಲಿಆಂಪಿಯರ್-ಗಂಟೆಯ ಸಾಮರ್ಥ್ಯವನ್ನು 3.6 ವೋಲ್ಟಿನಿಂದ ಗುಣಿಸಿದರೆ ಸಿಗುವುದು 18 ವಾಟ್-ಗಂಟೆ. ಎಲ್‌ಇಡಿಯು ಒಂದು ವಾಟಿಗೆ 150 ಲ್ಯೂಮೆನ್ ಕೊಡುತ್ತದೆಂದು ಉದಾರವಾಗಿ ಒಪ್ಪಿದರೂ ಲಕ್ಷ ಲ್ಯೂಮೆನ್ನಿಗೆ ಸುಮಾರು 667 ವಾಟ್ ಬೇಕು. ಅಂದರೆ ಸೆಲ್ಲಿನಿಂದ 185 ಆಂಪಿಯರ್ ಹರಿಯಬೇಕು, ಮತ್ತು ಪೂರ್ಣ ಚಾರ್ಜು ಎರಡು ನಿಮಿಷದೊಳಗೆ ಬರಿದಾಗಬೇಕು. ಇಂತಹ ಸೆಲ್ಲುಗಳಲ್ಲಿ ಗಟ್ಟಿಯಾದವೂ ಅಷ್ಟು ಆಂಪಿಯರಿನ ಅರ್ಧಕ್ಕೂ ಮೊದಲೇ ಸುಸ್ತಾಗುವಾಗ ಇದು ಹೇಗೆ ಸಾಧ್ಯ?

ಟಾರ್ಚು: ಗುಣಾಕಾರವು ಈ ಸಾಧನದ ಕಾರ್ಯವ್ಯಾಪ್ತಿಗೆ ಬರುವುದಿಲ್ಲ, ಆ ಸಂಖ್ಯೆಯನ್ನು ನಿರ್ಧರಿಸಿದ್ದು ಪೆಟ್ಟಿಗೆಯ ವಿನ್ಯಾಸ ವಿಭಾಗ. ತನ್ನ ಬಳಗದಲ್ಲಿ, 3,500 ಮಿಲಿಆಂಪಿಯರ್-ಗಂಟೆಯ ಆಸುಪಾಸಿಗಿಂತ ಹೆಚ್ಚು ಸಾಮರ್ಥ್ಯ ವಿರಳವಾದ 18650 ಸೆಲ್ಲಿನ ಮೈಮೇಲೆ 9,900 ಎಂದು ಬರೆಸಿಕೊಂಡವರೂ ಇರುವಾಗ ಈ ಸಾಧನವನ್ನು ಮಾತ್ರ ಕಟಕಟೆಗೆ ಎಳೆಯುವುದು ನ್ಯಾಯವಲ್ಲ. ಆದರೂ ತೀರ ಒತ್ತಾಯಿಸಿದರೆ, 3,000 ಲ್ಯೂಮೆನ್ ಎಂಬ ಸಂಖ್ಯೆಯನ್ನು ಚರ್ಚೆಗೆ ಪರಿಗಣಿಸಬಹುದು.

(ಈ ಹೊತ್ತಿಗೆ ಮೂರು ನಿಮಿಷ ಕಳೆದಿತ್ತು. ಹಿಡಿತ ಜಾರದಿರಲೆಂದು ಗೀರು ಕೊರೆದ ಅಲ್ಯೂಮಿನಿಯಂ ಮೈ ಕಾಫಿ ತುಂಬಿದ ಸ್ಟೀಲ್ ಲೋಟದಷ್ಟು ಬಿಸಿಯೇರಿತ್ತು. ಎಲ್‌ಇಡಿಗೆ ಹರಿಯುವ ವಿದ್ಯುತ್ತಿನ ದೊಡ್ಡ ಪಾಲು ಶಾಖವಾಗಿಯೇ ಉಳಿಯುವುದರಿಂದ, ಒಳಗಿನ ತಾಪಸಂವೇದಕವು ಬೆಳಕನ್ನು ತಾನಾಗಿ 900 ಲ್ಯೂಮೆನ್ನಿಗೆ ಇಳಿಸಿತು. ಟಾರ್ಚಿನ ದನಿಯೂ ಇಳಿಯಿತು.)

(ಹಂತ: ಹೈ)

ಪ್ರಶ್ನೆ: ಪೆಟ್ಟಿಗೆಯಲ್ಲಿ ಟರ್ಬೊದ ಎದುರು ‘4 ಗಂಟೆ’ ಎಂದಿದೆ. ಮೂರೇ ನಿಮಿಷಕ್ಕೆ ಬೆಳಕು ಮೂರರಲ್ಲೊಂದು ಭಾಗಕ್ಕಿಂತ ಕೆಳಗಿಳಿದ ಮೇಲೆ ಆ ನಾಲ್ಕು ಗಂಟೆಗಳ ಗತಿಯೇನು?

ಟಾರ್ಚು: ಇಲ್ಲಿ ಮಾತ್ರ ಈ ಸಾಧನದ ಹೇಳಿಕೆ ನಿಯಮಬದ್ಧವಾಗಿದೆ. ಅಮೆರಿಕದಲ್ಲಿ 2009ರಲ್ಲಿ ರೂಪುಗೊಂಡ ಎಫ್‌ಎಲ್ 1 ಎಂಬ ಮಾನದಂಡದ ಪ್ರಕಾರ, ಟಾರ್ಚು ಹೊತ್ತಿದ 30 ಸೆಕೆಂಡುಗಳ ಬಳಿಕ ಅಳೆದ ಬೆಳಕು ಶೇ. 10ಕ್ಕೆ ಇಳಿಯುವವರೆಗಿನ ಅವಧಿಯೆಲ್ಲವೂ ‘ಬಾಳಿಕೆಯ ಸಮಯ’ವೇ. ಮೂರು ಸಾವಿರದಿಂದ ಆರಂಭಿಸಿ ಮುನ್ನೂರರಲ್ಲಿ ಮುಗಿಸಿದರೂ ನಾಲ್ಕು ಗಂಟೆ ನಾಲ್ಕು ಗಂಟೆಯೇ.

ಪ್ರಶ್ನೆ: ಮೊದಲ ಪಂಕ್ತಿಗೆ ಹೋಳಿಗೆ ಬಡಿಸಿ, ಉಳಿದ ಪಂಕ್ತಿಗಳಿಗೆಲ್ಲ ತಿಳಿಸಾರು ಹಾಕಿ, ಹೋಳಿಗೆಯೂಟ ಸಂಜೆಯವರೆಗೆ ನಡೆಯಿತೆಂದು ಹೇಳಿದಂತಾಗಲಿಲ್ಲವೆ?

ಟಾರ್ಚು: ಉಂಡವರಾರೂ ಹಸಿದು ಎದ್ದಿಲ್ಲವೆಂಬುದನ್ನೂ ದಾಖಲಿಸಿಕೊಳ್ಳಬೇಕು. ಆ ಮಾನದಂಡವಾದರೂ ಒಂದು ಲೆಕ್ಕವನ್ನು ಕೇಳುತ್ತದೆ. ಲಕ್ಷ ಲ್ಯೂಮೆನ್ ಎನ್ನುವವರ ಪೆಟ್ಟಿಗೆಗಳಲ್ಲಿ ಅದರ ಹೆಸರೇ ಇರುವುದಿಲ್ಲ. ವಿವೇಕವುಳ್ಳ ತಯಾರಕರು ಗಂಟೆಗಳ ಬದಲು ಬೆಳಕು ಯಾವ ನಿಮಿಷದಲ್ಲಿ ಎಷ್ಟಿತ್ತೆಂಬ ರೇಖಾಚಿತ್ರವನ್ನೇ ಅಚ್ಚು ಹಾಕುತ್ತಾರೆ, ಮತ್ತು ಅದನ್ನು ಓದುವವರು ಕಡಿಮೆಯೆಂದು ತಿಳಿದು ನೆಮ್ಮದಿಯಿಂದಿರುತ್ತಾರೆ.

ಪ್ರಶ್ನೆ: ಬೆಳಕು 400 ಮೀಟರ್ ದೂರ ಹೋಗುತ್ತದೆಂಬುದೂ ಅದೇ ಬಗೆಯ ಸತ್ಯವೆ?

ಟಾರ್ಚು: ಬೆಳಕು ಹೋಗುತ್ತದೆ, ಹೋದ ಮೇಲೆ ಅಲ್ಲಿ ಏನು ಕಾಣುತ್ತದೆಂಬುದು ಬೇರೆ ವಿಷಯ. ಬೀಳುವ ಬೆಳಕು 0.25 ಲಕ್ಸ್‌ಗೆ, ಅಂದರೆ ಸುಮಾರಾಗಿ ಹುಣ್ಣಿಮೆಯ ಬೆಳದಿಂಗಳ ಮಟ್ಟಕ್ಕೆ, ಇಳಿಯುವ ದೂರವನ್ನೇ ಮಾನದಂಡವು ಕಿರಣದ ವ್ಯಾಪ್ತಿ ಎನ್ನುತ್ತದೆ. ಅಷ್ಟು ದೂರದ ತೋಟದಂಚಿನಲ್ಲಿ ನಿಂತಿರುವುದು ಕಾಡಾನೆಯೋ ಕಲ್ಲುಬಂಡೆಯೋ ಎಂಬುದನ್ನು ಬೆಳದಿಂಗಳಲ್ಲಿ ಗುರುತಿಸಬಲ್ಲವರಿಗೆ 400 ಮೀಟರ್ ನಿಜವೇ. ಉಳಿದವರು ಅದರ ಅರ್ಧವನ್ನು, ಆತುರದಲ್ಲಿರುವವರು ಇನ್ನೂ ಕಡಿಮೆಯನ್ನು ಲೆಕ್ಕಕ್ಕೆ ಹಿಡಿಯಬೇಕು. ವ್ಯಾಪ್ತಿಯನ್ನು ಎರಡರಷ್ಟು ಮಾಡಲು ಕಿರಣದ ತೀವ್ರತೆ ನಾಲ್ಕರಷ್ಟಾಗಬೇಕೆಂಬುದರಿಂದ, ‘ಕಿಲೋಮೀಟರ್ ದೂರ’ ಎಂಬ ಮಾತು ಸ್ಟಿಕ್ಕರಿಗೆ ಸುಲಭ, ಪ್ರತಿಫಲಕಕ್ಕೆ ಕಷ್ಟ.

ಪ್ರಶ್ನೆ: ಮಲೆನಾಡಿನ ಮಂಜಿನಲ್ಲಿ?

ಟಾರ್ಚು: ಮಂಜಿನ ಹನಿಗಳು ಬೆಳಕನ್ನು ಚದುರಿಸಿ ಹಿಡಿದವರ ಕಣ್ಣಿಗೇ ಮರಳಿಸುವುದರಿಂದ, ಆಗುಂಬೆಯ ಜುಲೈ ತಿಂಗಳಲ್ಲಿ ಟರ್ಬೊ ಒತ್ತಿದವರಿಗೆ ಬಿಳಿಗೋಡೆಯೊಂದು ಕಾಣುತ್ತದೆ, ದಾರಿ ಕಾಣುವುದಿಲ್ಲ. ಟಾರ್ಚನ್ನು ಹಣೆಯ ಮಟ್ಟದಿಂದ ಸೊಂಟದ ಮಟ್ಟಕ್ಕಿಳಿಸಿ, ಬೆಳಕನ್ನೂ ಇಳಿಸಿ, ನೆಲವನ್ನು ನೋಡುತ್ತ ನಡೆಯುವುದೇ ಅಲ್ಲಿ ಮಾರ್ಗ. ಈ ಸಾಧನದ ಜಾಹೀರಾತಿನ ಚಿತ್ರದಲ್ಲಿ ಮಂಜು ಇರಲಿಲ್ಲ. ಇದ್ದದ್ದು ಬೆಟ್ಟದ ತುದಿ, ತಿಳಿಯಾದ ಆಕಾಶ, ಮತ್ತು ಕಂಪ್ಯೂಟರಿನಲ್ಲಿ ಬಿಡಿಸಿದ ಕಿರಣ.

(ಹಂತ: ಮೀಡಿಯಂ, 300 ಲ್ಯೂಮೆನ್)

ಪ್ರಶ್ನೆ: ರಾಜ್ಯದಲ್ಲಿ ಕೃಷಿ ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುವುದರಿಂದ ರೈತರು ಹಲವೊಮ್ಮೆ ನಡುರಾತ್ರಿ ಗದ್ದೆಗೆ ಹೋಗಬೇಕಾಗುತ್ತದೆ. ಅವರಿಗೆ ಈ ಸಾಧನ ಹೇಗೆ ನೆರವಾಗುತ್ತದೆ?

ಟಾರ್ಚು: ಈ ಪ್ರಶ್ನೆಯನ್ನು ಪೆಟ್ಟಿಗೆ ಎಂದೂ ಎದುರಿಸಿರಲಿಲ್ಲ. ಬದುವಿನ ಮೇಲೆ ಕೊಳಕುಮಂಡಲವೊಂದು ಸುರುಳಿ ಸುತ್ತಿ ಮಲಗಿದ್ದರೆ ಅದನ್ನು ತೋರಿಸಲು ಬೇಕಾದುದು ಮುಂದಿನ ಹತ್ತು ಹೆಜ್ಜೆಗೆ ಹರಡುವ 100 ಲ್ಯೂಮೆನ್ನಿನ ಬೆಳಕು. 400 ಮೀಟರ್ ಆಚೆಯ ತೆಂಗಿನ ಗರಿಯನ್ನು ಬೆಳಗಿಸುವ ಕಿರಣವಲ್ಲ. ಕಿರಣದ ನಡುವಿನ ಪ್ರಖರ ಚುಕ್ಕೆ ದೂರಕ್ಕೆ, ಅದರ ಸುತ್ತಲಿನ ಮಂದವಾದ ಹರಹು ಹತ್ತಿರಕ್ಕೆ. ಜಾಹೀರಾತು ಚುಕ್ಕೆಯನ್ನು ಮಾರುತ್ತದೆ, ಕಾಲು ಹರಹನ್ನು ನಂಬಿ ನಡೆಯುತ್ತದೆ.

ಪ್ರಶ್ನೆ: ಇರುವ ಒಂದೇ ಗುಂಡಿಯ ಬಗ್ಗೆ ಏನು ಹೇಳಬೇಕು?

ಟಾರ್ಚು: ಅದರ ವಿಷಯದಲ್ಲಿ ಈ ಸಾಧನಕ್ಕೆ ಮುಜುಗರವಿದೆ. ಮಳೆಯಲ್ಲಿ ತೊಯ್ದ ಹೆಬ್ಬೆರಳಿನಿಂದ ಒಮ್ಮೆ ಒತ್ತಿದರೆ ಹೈ, ಮತ್ತೊಮ್ಮೆ ಒತ್ತಿದರೆ ಮೀಡಿಯಂ, ಮೂರನೆಯದಕ್ಕೆ ಲೋ, ನಾಲ್ಕನೆಯದಕ್ಕೆ ಕಣ್ಣು ಕುಕ್ಕುವಂತೆ ಪಟಪಟನೆ ಮಿನುಗುವ ಸ್ಟ್ರೋಬ್, ಐದನೆಯದಕ್ಕೆ ಎಸ್‌ಒಎಸ್. ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲು ತೆಗೆದು ಹಸಿರು ಗುಂಡಿ ಎಲ್ಲಿದೆಯೆಂದು ಬಾಗಿ ನೋಡುವವರಿಗೆ ಲೋ ಬೇಕಾಗಿರುತ್ತದೆ. ಒಂದು ಒತ್ತು ಹೆಚ್ಚಾದರೆ ಸ್ಟಾರ್ಟರು, ಗೋಡೆ, ಕೈ ಎಲ್ಲವೂ ನಾಟಕದ ಯುದ್ಧದೃಶ್ಯದಂತೆ ಕುಣಿಯತೊಡಗುತ್ತವೆ. ಆರಿಸಿದ ಹಂತವನ್ನು ನೆನಪಿಟ್ಟುಕೊಂಡು ಮುಂದಿನ ಸಲ ಅದರಲ್ಲೇ ಹೊತ್ತುವ, ಸ್ಟ್ರೋಬನ್ನು ದೂರದ ಮೂಲೆಯಲ್ಲಿ ಬಚ್ಚಿಟ್ಟಿರುವ ಟಾರ್ಚುಗಳೂ ಉಂಟು. ಅವುಗಳ ಪೆಟ್ಟಿಗೆಯ ಮೇಲೆ ಆ ಗುಣವನ್ನು ದೊಡ್ಡಕ್ಷರದಲ್ಲಿ ಬರೆಯುವುದಿಲ್ಲ.

ಪ್ರಶ್ನೆ: ನೀರಿನ ವಿಷಯದಲ್ಲಿ ಐಪಿಎಕ್ಸ್7 ಎಂಬ ಮುದ್ರೆಯಿದೆ.

ಟಾರ್ಚು: ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದ್ದರೂ ಕೆಡುವುದಿಲ್ಲವೆಂದು ಅದರರ್ಥ, ನಡುವಿನ ‘ಎಕ್ಸ್’ ಎಂದರೆ ದೂಳಿನ ಪರೀಕ್ಷೆಯ ಫಲಿತಾಂಶವನ್ನು ನಮೂದಿಸಿಲ್ಲವೆಂದು. ಆದರೆ ಚಾರ್ಜಿಂಗ್ ಕಿಂಡಿಯನ್ನು ಮುಚ್ಚಿರುವ ಉಗುರಗಲದ ರಬ್ಬರ್ ನಾಲಿಗೆಯ ಮೇಲೆಯೇ ಈ ಪ್ರತಿಷ್ಠೆಯೆಲ್ಲ ನಿಂತಿದೆ, ಮತ್ತು ಆರು ತಿಂಗಳು ಎಳೆದಾಡಿಸಿಕೊಂಡ ನಾಲಿಗೆ ಸರಿಯಾಗಿ ಕೂರುವುದಿಲ್ಲ. ಅಗ್ಗದ ಟಾರ್ಚುಗಳ ಯುಎಸ್‌ಬಿ-ಸಿ ಕಿಂಡಿಯಲ್ಲಿ ಇನ್ನೊಂದು ಚಮತ್ಕಾರವಿದೆ: ಎರಡೂ ತುದಿ ಸಿ ಆಗಿರುವ ಕೇಬಲ್ ಚುಚ್ಚಿದರೆ ಚಾರ್ಜು ಏರುವುದೇ ಇಲ್ಲ. ಇಲ್ಲಿಗೆ ವಿದ್ಯುತ್ ಬೇಕೆಂದು ಚಾರ್ಜರಿಗೆ ತಿಳಿಸುವ ಎರಡು ಪುಟ್ಟ ರೆಸಿಸ್ಟರುಗಳನ್ನು ತಯಾರಕರು ಉಳಿತಾಯದ ಬಾಬತ್ತಿಗೆ ಸೇರಿಸಿರುತ್ತಾರೆ.

(ಹಂತ: ಲೋ, 15 ಲ್ಯೂಮೆನ್. ಇಲ್ಲಿಂದ ಮುಂದೆ ಟಾರ್ಚಿನ ಉತ್ತರಗಳು ಗಮನಾರ್ಹವಾಗಿ ಚಿಕ್ಕವಾದವು.)

ಪ್ರಶ್ನೆ: 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದು ರಸ್ತೆಗಳು ಕಡಿದುಹೋದಾಗ ಹಲವು ಊರುಗಳಲ್ಲಿ ಕರೆಂಟೂ ಇರಲಿಲ್ಲ. ಕರೆಂಟಿಲ್ಲದಾಗ ಬೇಕಾಗುವ, ಆದರೆ ಕರೆಂಟಿನಿಂದಲೇ ಚಾರ್ಜಾಗುವ ಸಾಧನದ ಈ ವಿರೋಧಾಭಾಸಕ್ಕೆ ಪರಿಹಾರವೇನು?

ಟಾರ್ಚು: ಸೆಲ್ಲನ್ನು ಹೊರತೆಗೆಯಲು ಬರುವ ಟಾರ್ಚನ್ನು ಕೊಂಡು, ತುಂಬಿದ ಇನ್ನೊಂದು ಸೆಲ್ಲನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಡುವುದು. ಸೆಲ್ಲು ಒಳಗೇ ಬೆಸೆದುಹೋದ ಟಾರ್ಚಿಗೆ ಎರಡನೆಯ ರಾತ್ರಿಯಿಲ್ಲ.

ಪ್ರಶ್ನೆ: ಬೀರುವಿನಲ್ಲಿಟ್ಟು ಮರೆತರೆ?

ಟಾರ್ಚು: ಎಲೆಕ್ಟ್ರಾನಿಕ್ ಸ್ವಿಚ್ಚು ಆರಿದಾಗಲೂ ತುಸು ವಿದ್ಯುತ್ತನ್ನು ಹೀರುತ್ತಿರುತ್ತದೆ. ಹಿಂದಿನ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿದರೆ ಹಲವು ಟಾರ್ಚುಗಳಲ್ಲಿ ಸಂಪರ್ಕ ಕಡಿಯುತ್ತದೆ. ಚೀಲದೊಳಗೆ ತಾನಾಗಿ ಹೊತ್ತಿ ಬಟ್ಟೆ ಸುಡುವುದೂ ತಪ್ಪುತ್ತದೆ. ಮೂರು ತಿಂಗಳಿಗೊಮ್ಮೆ ನೋಡಬೇಕು. ಬಿಸಿಲಿಗೆ ನಿಂತ ಕಾರಿನಲ್ಲಿ ಇಡಬಾರದು.

ಪ್ರಶ್ನೆ: ಅಪಾಯದಲ್ಲಿ ಸಿಲುಕಿದವರು ಸಂಕೇತ ಕೊಡುವುದು ಹೇಗೆ?

ಟಾರ್ಚು: ನಿಮಿಷಕ್ಕೆ ಆರು ಸಲ ಬೆಳಕು ತೋರಿಸಿ, ಒಂದು ನಿಮಿಷ ಬಿಟ್ಟು, ಮತ್ತೆ ಆರು ಸಲ. ಇದು ಪರ್ವತಾರೋಹಿಗಳ ಅಂತರರಾಷ್ಟ್ರೀಯ ಕ್ರಮ. ಎದುರಿನಿಂದ ನಿಮಿಷಕ್ಕೆ ಮೂರು ಸಲ ಬೆಳಕು ಬಂದರೆ ಅದು ಮರುತ್ತರ. ಇದಕ್ಕೆ ವಿಶೇಷ ಗುಂಡಿ ಬೇಡ. ಅಂಗೈ ಅಡ್ಡ ಹಿಡಿದರೂ ಸಾಕು.

ಪ್ರಶ್ನೆ: ಈಗಿನ ಹಂತದಲ್ಲಿ ಎಷ್ಟು ಹೊತ್ತು ಉರಿಯಬಹುದು?

ಟಾರ್ಚು: ತುಂಬಿದ ಸೆಲ್ಲಾದರೆ ನೂರು ಗಂಟೆಯ ಹತ್ತಿರ. ಊಟ ಬಡಿಸಲು, ಔಷಧಿಯ ಚೀಟಿ ಓದಲು, ಮಗುವನ್ನು ಮಲಗಿಸಲು ಇಷ್ಟು ಸಾಕು. ಹೆಚ್ಚಿನ ಕತ್ತಲೆಗೆ ಇಷ್ಟೇ ಸಾಕು.

ಪ್ರಶ್ನೆ: ಹಾಗಾದರೆ ಪೆಟ್ಟಿಗೆಯ ಮೇಲೆ ಮೊದಲು ಏನನ್ನು ಅಚ್ಚು ಹಾಕಬೇಕು?

ಟಾರ್ಚು: ಅತಿ ಕಡಿಮೆ ಬೆಳಕು ಎಷ್ಟು, ಅದು ಎಷ್ಟು ಗಂಟೆ. ಬಿಸಿಯೇರಿದ ಮೇಲೆ ಸ್ಥಿರವಾಗಿ ನಿಲ್ಲುವ ಬೆಳಕು ಎಷ್ಟು. ಸೆಲ್ಲನ್ನು ತೆಗೆಯಬಹುದೆ. ಟರ್ಬೊ ಎಷ್ಟು ನಿಮಿಷ.

ಪ್ರಶ್ನೆ: ತಯಾರಕರು ಹಾಗೆ ಅಚ್ಚು ಹಾಕಿಯಾರೆ?

ಟಾರ್ಚು: ಹಾಕುತ್ತಾರೆಂಬ ಉತ್ತರವೇ ಬೇಕಿದ್ದರೆ ಈ ಸಾಧನವನ್ನು ಮತ್ತೆ ಟರ್ಬೊಗೆ ಏರಿಸಬೇಕು.